ಎತ್ತರದ ಆರ್‌ಪಿಎಂ ಸುಖವೋ, ಕೆಳಗಿನ ಟಾರ್ಕ್ ಸುಖವೋ? ನಮ್ಮ ಕಲಬುರಗಿ, ಬೀದರ್, ಯಾದಗಿರಿ ರಸ್ತೆಗಳ ಮೇಲೆ ಓಡಿಸುವವರು ಹೇಳಿ

ಕೆಂಪುಗೆರೆ (ಕಲಬುರಗಿ)

ಯಾವ ಶೋರೂಮಿಗೆ ಹೋದರೂ ಈಗ ಮೊದಲು ಕಿವಿಗೆ ಬೀಳುವ ಮಾತು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಅದರ ಜೊತೆಗೆ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. "1500 ಆರ್‌ಪಿಎಂನಿಂದಲೇ ಪೂರ್ತಿ ಎಳೆತ ಸಿಗುತ್ತದೆ, ಪದೇ ಪದೇ ಗೇರ್ ಬದಲಿಸುವ ಗೋಜಿಲ್ಲ" ಎನ್ನುತ್ತಾರೆ. ಗೇರ್ ಬದಲಿಸುವುದು ಗೋಜು ಎಂದು ತೀರ್ಮಾನಿಸಿದವರು ಯಾರು? ಗಾಡಿ ಓಡಿಸುವುದರಲ್ಲಿ ನನಗೆ ಸುಖವಿರುವುದೇ ಅಲ್ಲಿ.

ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಒಳ್ಳೆಯ ಪೆಟ್ರೋಲ್ ಎಂಜಿನ್ 4000 ದಾಟಿದ ಮೇಲೆ ದನಿ ಬದಲಿಸುತ್ತದೆ, ಎಳೆತ ಬಿಗಿಯಾಗುತ್ತದೆ, 6500ರವರೆಗೂ ಏರುತ್ತಲೇ ಇರುತ್ತದೆ. ಕಾಲು ಎಷ್ಟು ಒತ್ತುತ್ತದೆಯೋ ಅಷ್ಟೇ ಉತ್ತರ, ಒತ್ತಿದ ಕ್ಷಣಕ್ಕೇ ಉತ್ತರ. ಟರ್ಬೊ ಡೀಸೆಲ್ 1800ರ ಆಸುಪಾಸಿನಲ್ಲಿ ಒಮ್ಮೆ ಬೆನ್ನು ಹಿಡಿದು ತಳ್ಳುತ್ತದೆ, 3500 ಬರುವಷ್ಟರಲ್ಲಿ ಹುರುಪು ಮುಗಿದಿರುತ್ತದೆ. ಆ ತಳ್ಳು ಚೆನ್ನಾಗಿರುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಅದು ಎಂಜಿನ್ ತಾನಾಗಿ ಕೊಟ್ಟದ್ದು, ನಾನು ಕೈಕಾಲು ಆಡಿಸಿ ಪಡೆದದ್ದಲ್ಲ.

ಹೋಂಡಾ 1999ರಲ್ಲಿ ತಂದ ಎಸ್2000 ಕಾರನ್ನು ನೋಡಿ. ಎರಡು ಲೀಟರ್, ಟರ್ಬೊ ಇಲ್ಲ, ಅಮೆರಿಕದ ಮಾದರಿಗೆ 8300 ಆರ್‌ಪಿಎಂನಲ್ಲಿ 240 ಅಶ್ವಶಕ್ತಿ. ಟಾರ್ಕ್ 208 ನ್ಯೂಟನ್ ಮೀಟರ್ ಮಾತ್ರ, ಅದೂ 7500ರಲ್ಲಿ. ಇಂದು ನಮ್ಮ ಜಗತ್ ಸರ್ಕಲ್‌ನಲ್ಲಿ ನಿಂತಿರುವ ಸಾಧಾರಣ ಡೀಸೆಲ್ ಗಾಡಿಗಳಲ್ಲೂ ಅದಕ್ಕಿಂತ ಹೆಚ್ಚು ಟಾರ್ಕ್ ಇದೆ. ಆದರೂ ಓಡಿಸುವ ಸುಖದ ಮಾತು ಬಂದಾಗ ಲೋಕವೆಲ್ಲ ನೆನೆಯುವುದು ಎಸ್2000 ಅನ್ನು. ಯಾಕೆ?

ಮೈಲೇಜು, ಬೆಲೆ, ಮರುಮಾರಾಟ ಬೇಡ. ಓಡಿಸುವ ಸುಖದ ಮಾತು ಮಾತ್ರ ಆಡೋಣ.

ತೊಗರಿ ಗೌಡ (ಸೇಡಂ)

ತಮ್ಮಾ, ನೀನು ಒಬ್ಬನೇ ಕುಳಿತು ಓಡಿಸುವ ಸುಖದ ಮಾತಾಡುತ್ತಿದ್ದೀಯ. ನಾನು ಸೇಡಂನಿಂದ ಮಳಖೇಡದ ಮೇಲೆ ಕಲಬುರಗಿಗೆ ಬರುವಾಗ ಗಾಡಿಯಲ್ಲಿ ಮನೆಮಂದಿಯೆಲ್ಲ ಇರುತ್ತಾರೆ, ಹಿಂದೆ ಸಾಮಾನು, ಎಸಿ ಹಾಕಿರಲೇಬೇಕು. ಮುಂದೆ ಸಿಮೆಂಟ್ ಲಾರಿಗಳ ಸಾಲು. ರಾಶಿಯ ಕಾಲದಲ್ಲಿ ತೊಗರಿ ಚೀಲ ಹೇರಿಕೊಂಡ ಟ್ರ್ಯಾಕ್ಟರ್‌ಗಳೂ ಸೇರಿಕೊಳ್ಳುತ್ತವೆ, ಅವುಗಳಲ್ಲಿ ಎಷ್ಟೋ ಟ್ರಾಲಿಗಳಿಗೆ ಹಿಂದಿನ ದೀಪವೇ ಇರುವುದಿಲ್ಲ. ಎದುರಿನ ರಸ್ತೆ ಖಾಲಿ ಕಾಣುವುದು ಕ್ಷಣಮಾತ್ರ. ಆ ಕ್ಷಣದಲ್ಲಿ ಮೂರನೇ ಗೇರಿನಲ್ಲೇ ಕಾಲು ಒತ್ತಿದರೆ ಗಾಡಿ ಹೊರಡಬೇಕು. ನನ್ನ ಡೀಸೆಲ್ ಹೊರಡುತ್ತದೆ. ಎಂಜಿನ್ ಅರಚುವುದಿಲ್ಲ, ಹಿಂದೆ ಕುಳಿತ ತಾಯಿಯವರು ಬೆಚ್ಚಿಬೀಳುವುದಿಲ್ಲ. ಆ ನಿರಾಳವೇ ನನಗೆ ಸುಖ.

ಇನ್ನು ಮೇ ತಿಂಗಳ ಮಧ್ಯಾಹ್ನ ಎಸಿ ಹಾಕಿದ 1.2 ಲೀಟರ್ ಪೆಟ್ರೋಲ್ ಗಾಡಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ನೀನೇ ಆ ರಸ್ತೆಗೆ ಒಮ್ಮೆ ಬಾ.

ಕೋಟೆ ಬೀದಿ (ಬೀದರ್)

ಗೌಡರ ಪಕ್ಷ ನಾನು, ಆದರೆ ಎರಡು ಚಕ್ರದ ಮೇಲೆ. ನನ್ನದು ಬುಲೆಟ್ 350. 349 ಸಿಸಿ, 6100ರಲ್ಲಿ 20.2 ಅಶ್ವಶಕ್ತಿ, 4000ದಲ್ಲಿ 27 ನ್ಯೂಟನ್ ಮೀಟರ್. ತಮ್ಮನ ಬಳಿ ಕೆಟಿಎಂ 390 ಡ್ಯೂಕ್ ಇದೆ. ಅದನ್ನು ಹತ್ತಿದರೆ ಊರೊಳಗೆ ಕೈ ಸುಮ್ಮನಿರಲು ಬಿಡುವುದಿಲ್ಲ. ಬುಲೆಟ್ಟಿನಲ್ಲಿ ಟಾಪ್ ಗೇರ್ ಹಾಕಿ ಹುಮನಾಬಾದಿನ ಕಡೆ ಹೊರಟರೆ ಹೊಲಗಳು, ಕೆಂಪು ಮಣ್ಣು, ಗಾಳಿ ಎಲ್ಲ ಕಾಣುತ್ತವೆ. ಎಂಜಿನ್ನಿನ ಒಂದೊಂದು ಹೊಡೆತವನ್ನೂ ಎಣಿಸಬಹುದು. ಉದ್ದನೆಯ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವುದರಿಂದಲೇ ಅದಕ್ಕೆ ಆ ಟಾರ್ಕ್. ಸುಖವೆಂದರೆ ಆತುರವಿಲ್ಲದಿರುವುದು.

ಲೆಕ್ಕದ ಮಾಸ್ತರ್ (ಯಾದಗಿರಿ)

ಎರಡೂ ಕಡೆಯವರು ಟಾರ್ಕ್ ಮತ್ತು ಶಕ್ತಿಯನ್ನು ಎದುರಾಳಿಗಳಂತೆ ನಿಲ್ಲಿಸಿದ್ದೀರಿ. ಅವು ಎದುರಾಳಿಗಳಲ್ಲ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿದರೆ ಆ ಕ್ಷಣದ ಶಕ್ತಿ ಪಿಎಸ್‌ನಲ್ಲಿ, ಅಂದರೆ ಮೆಟ್ರಿಕ್ ಅಶ್ವಶಕ್ತಿಯಲ್ಲಿ ಬರುತ್ತದೆ.

ಒಂದೇ ಗಾಡಿಯ ಎರಡು ಎಂಜಿನ್ ತೆಗೆದುಕೊಳ್ಳೋಣ. 2020ರ ಹ್ಯುಂಡೈ ಕ್ರೆಟಾ. 1.5 ಪೆಟ್ರೋಲಿಗೆ 6300ರಲ್ಲಿ 115 ಪಿಎಸ್, 4500ರಲ್ಲಿ 144 ನ್ಯೂಟನ್ ಮೀಟರ್. 1.5 ಡೀಸೆಲಿಗೆ 4000ದಲ್ಲಿ ಅದೇ 115 ಪಿಎಸ್, ಆದರೆ 1500ರಿಂದ 2750ರವರೆಗೆ 250 ನ್ಯೂಟನ್ ಮೀಟರ್. ಇಬ್ಬರೂ 2000 ಆರ್‌ಪಿಎಂನಲ್ಲಿ ಗೌಡರ ಸಿಮೆಂಟ್ ಲಾರಿಯ ಹಿಂದೆ ಇದ್ದಾರೆ ಎನ್ನಿ. ಡೀಸೆಲಿನವರ ಕೈಯಲ್ಲಿ ಆಗ 71 ಪಿಎಸ್ ಇದೆ. ಪೆಟ್ರೋಲಿನವರಿಗೆ ಎಷ್ಟು ಉದಾರವಾಗಿ ಲೆಕ್ಕ ಹಾಕಿದರೂ 41 ದಾಟುವುದಿಲ್ಲ. ಗೌಡರ ಅನುಭವ ನಿಜ.

ಆದರೆ ಪೆಟ್ರೋಲಿನವರು ಗೇರ್ ಇಳಿಸಿ 4500ಕ್ಕೆ ಎತ್ತಿದರೆ? 92. ಈಗ ಅವರದೇ ಮೇಲುಗೈ. ಗೌಡರೂ ಒಂದು ಗೇರ್ ಇಳಿಸಿ 2750ಕ್ಕೆ ತಂದರೆ 98. ಹೀಗೆ ನೋಡಿದರೆ ಇಬ್ಬರ ಎಂಜಿನ್ನಿನಲ್ಲೂ ಲಾರಿ ದಾಟುವಷ್ಟು ಶಕ್ತಿ ಇದೆ. ಒಬ್ಬರಿಗೆ ಅದು ಕಾಲಡಿಯಲ್ಲೇ ಸಿದ್ಧವಾಗಿದೆ, ಇನ್ನೊಬ್ಬರು ಎಡಗೈ ಚಾಚಿ ತೆಗೆದುಕೊಳ್ಳಬೇಕು. ಜಾಹೀರಾತಿನ ಟಾರ್ಕ್ ಅಂಕಿ ಕ್ರ್ಯಾಂಕ್‌ನದು, ಅಂದರೆ ಎಂಜಿನ್ನಿನೊಳಗೆ ತಿರುಗುವ ದಂಡದ್ದು. ಚಕ್ರಕ್ಕೆ ತಲುಪುವ ಬಲ ಗೇರಿನಿಂದ ಗುಣಿಸಿ ಬರುತ್ತದೆ. ಹೆಚ್ಚು ಆರ್‌ಪಿಎಂ ತಿರುಗುವ ಎಂಜಿನ್ನಿಗೆ ಗಿಡ್ಡ ಗೇರ್ ಕೊಡಬಹುದು, ಆಗ ಗುಣಕ ದೊಡ್ಡದಾಗುತ್ತದೆ. ಎಸ್2000 ಓಡಿದ್ದು ಹೀಗೆ.

ಕೋಟೆ ಬೀದಿಯವರ ಮಾತಿಗೊಂದು ತಿದ್ದುಪಡಿ. ಉದ್ದ ಸ್ಟ್ರೋಕ್ ತಾನೇ ಟಾರ್ಕ್ ಕೊಡುವುದಿಲ್ಲ. ಬುಲೆಟ್ಟಿನ ಬೋರ್ (ಸಿಲಿಂಡರಿನ ಅಗಲ) 72 ಮಿ.ಮೀ., ಸ್ಟ್ರೋಕ್ 85.8. ನಿಮ್ಮ ತಮ್ಮನದು 373 ಸಿಸಿಯ ಡ್ಯೂಕ್ ಆಗಿದ್ದರೆ ಬೋರ್ 89, ಸ್ಟ್ರೋಕ್ 60. 2017ರ ಮಾದರಿಯಲ್ಲಿ 7000ದಲ್ಲಿ 37 ನ್ಯೂಟನ್ ಮೀಟರ್. ಅಂದರೆ ಗಿಡ್ಡ ಸ್ಟ್ರೋಕ್‌ನ ಡ್ಯೂಕ್‌ಗೇ ಬುಲೆಟ್ಟಿಗಿಂತ ಹೆಚ್ಚು ಟಾರ್ಕ್! ವ್ಯತ್ಯಾಸ ಅದು ಎಲ್ಲಿ ಸಿಗುತ್ತದೆ ಎಂಬುದರಲ್ಲಿ. ಸ್ಟ್ರೋಕ್ ಉದ್ದವಾದಷ್ಟೂ ಅದೇ ಆರ್‌ಪಿಎಂಗೆ ಪಿಸ್ಟನ್ ಹೆಚ್ಚು ದೂರ ಓಡಬೇಕು, ಹಾಗಾಗಿ ಎತ್ತರಕ್ಕೆ ಹೋಗಲಾರದು. ಬೋರ್ ಕಿರಿದಾದರೆ ದೊಡ್ಡ ವಾಲ್ವ್‌ಗಳಿಗೆ ಜಾಗವೂ ಇರುವುದಿಲ್ಲ. ಬುಲೆಟ್ಟಿನ ನಿಧಾನದ ಗಾಂಭೀರ್ಯಕ್ಕೆ ಎಂಜಿನ್ನಿನ ಜೊತೆ ತಿರುಗುವ ಭಾರವಾದ ಚಕ್ರ, ಫ್ಲೈವೀಲ್, ಕಾರಣ. ಅದು ಒಂದು ಹೊಡೆತದಿಂದ ಮುಂದಿನ ಹೊಡೆತದವರೆಗೆ ಎಂಜಿನ್ನನ್ನು ಸಾಗಿಸುತ್ತದೆ. ಹಗುರ ಫ್ಲೈವೀಲ್ ಇದ್ದರೆ ಎಂಜಿನ್ ಚುರುಕಾಗಿ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ.

ಕೆಂಪುಗೆರೆ (ಕಲಬುರಗಿ)

ಮಾಸ್ತರರೇ, ಲೆಕ್ಕ ಕಣ್ಣು ತೆರೆಸುವಂತಿದೆ. ನನ್ನ ಮಾತು ಆ ಎಡಗೈಯ ಬಗ್ಗೆಯೇ. ಶಕ್ತಿ ಇಬ್ಬರಿಗೂ ಇದೆ ಎಂದಾದರೆ ಸುಖ ಇರುವುದು ಅದನ್ನು ಕರೆತರುವ ಕೆಲಸದಲ್ಲಿ. ಕ್ಲಚ್ ಒತ್ತುವಾಗ ಆಕ್ಸಿಲರೇಟರನ್ನು ಒಂದಿಷ್ಟು ಮುಟ್ಟಿ, ಎಂಜಿನ್ ವೇಗವನ್ನು ಕೆಳಗಿನ ಗೇರಿಗೆ ಹೊಂದಿಸಿ, ಒಂದು ಜಗ್ಗೂ ಇಲ್ಲದೆ ಮೂರರಿಂದ ಎರಡಕ್ಕೆ ಇಳಿಸಿದಾಗ ಸಿಗುವ ತೃಪ್ತಿ ಬೇರೆ ಯಾವುದರಲ್ಲೂ ಇಲ್ಲ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಸಣ್ಣ ಪೆಟ್ರೋಲ್ ಎಂಜಿನ್ನನ್ನು ಎರಡನೇ ಗೇರಿನಲ್ಲಿ ಕೆಂಪು ಗೆರೆಯವರೆಗೆ (ಆರ್‌ಪಿಎಂ ಮಿತಿಯವರೆಗೆ) ಎತ್ತಿದರೂ ವೇಗ ಗಂಟೆಗೆ ನೂರು ಕಿಲೋಮೀಟರಿನ ಒಳಗೇ ಇರುತ್ತದೆ. ಎಂಜಿನ್ನಿನ ಇಡೀ ಮೈಯನ್ನು ಬಳಸಿದ ಮೇಲೂ ಕಾನೂನಿನ ಒಳಗೆ ಇರಬಹುದು. ದೊಡ್ಡ ಎಂಜಿನ್ ಇದ್ದವರು ಅರ್ಧ ಬಳಸುವಷ್ಟರಲ್ಲಿ ಮುಂದಿನ ಊರಿನ ಸ್ಪೀಡ್ ಬ್ರೇಕರ್ ಬಂದಿರುತ್ತದೆ. ನಮ್ಮ ಊರುಗಳು ಹೆದ್ದಾರಿಗೆ ಅಂಟಿಕೊಂಡೇ ಇವೆ. ಮಹಾಗಾಂವ್ ಕ್ರಾಸ್, ಕಮಲಾಪುರ, ಕಿಣ್ಣಿ ಸಡಕ್ ಎಲ್ಲ ಕಡೆ ಮಕ್ಕಳು ರಸ್ತೆ ದಾಟುತ್ತಿರುತ್ತಾರೆ. ಅಂಥ ರಸ್ತೆಗೆ ತಕ್ಕ ಸುಖ ಸಣ್ಣ ಎಂಜಿನ್ನಿನದು.

ಹಳೆಯ ಗುಲ್ಬರ್ಗ

ಊರಿಗೆ ಈಗಿನ ಹೆಸರು ಬರುವ ಮೊದಲೇ ಇಲ್ಲಿ ಯಮಹಾ ಆರ್‌ಎಕ್ಸ್ 100 ಬೈಕ್ ಓಡಿಸಿದವನು ನಾನು. 98 ಸಿಸಿ, ಟೂ ಸ್ಟ್ರೋಕ್, 7500ರಲ್ಲಿ 11 ಅಶ್ವಶಕ್ತಿ. ಅದು 1985ರಲ್ಲಿ ಬಂತು, 1996ರಲ್ಲಿ ನಿಂತಿತು. ಇಂದಿನ ಹುಡುಗರಿಗೆ ಆ ಅಂಕಿ ಏನೂ ಅಲ್ಲ. ಆದರೆ ಗಾಡಿಯ ತೂಕ ನೂರು ಕಿಲೋ ಚಿಲ್ಲರೆ ಮಾತ್ರ. ಕೈ ತಿರುವಿದರೆ ಎದ್ದುಬಿಡುತ್ತಿತ್ತು. ನಡುವಿನ ಆರ್‌ಪಿಎಂಗೆ ಬಂದಾಗ ದನಿ ಬದಲಾಗಿ ಎಳೆತ ತುಂಬಿಕೊಳ್ಳುವ ಕ್ಷಣವಿತ್ತಲ್ಲ, ಅದಕ್ಕಾಗಿಯೇ ಸುಮ್ಮನೆ ಸೇಡಂ ರಸ್ತೆಗೆ ಹೋಗಿ ಬರುತ್ತಿದ್ದೆವು. ತೂಕದ ಮಾತು ನಿಮ್ಮಲ್ಲಿ ಯಾರೂ ಆಡಿಲ್ಲ. ಸಾವಿರದ ಐನೂರು ಕಿಲೋ ಗಾಡಿಯನ್ನು ಎಬ್ಬಿಸಲು ಟಾರ್ಕ್ ಬೇಕೇ ಬೇಕು. ಎಂಟುನೂರು ಕಿಲೋ ಗಾಡಿಗೆ ಅಷ್ಟು ಬೇಡ. ಗಾಡಿಗಳು ದಪ್ಪವಾದವು, ಆದ್ದರಿಂದ ಟಾರ್ಕಿನ ಹಾಡು ಶುರುವಾಯಿತು.

ಕೆಂಪುಗೆರೆ (ಕಲಬುರಗಿ)

ಕಾಕಾ, ಈ ಎಳೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ಮಾತು ಇದು.

ಮಿಸ್ತ್ರಿ (ಆಳಂದ ನಾಕಾ)

ಎರಡೂ ಪಕ್ಷದವರ ಗಾಡಿಗಳು ಕೊನೆಗೆ ಬರುವುದು ನನ್ನ ಬಳಿಗೆ, ಅದಕ್ಕೆ ಬರೆಯುತ್ತಿದ್ದೇನೆ.

ಟಾರ್ಕ್ ಇದೆ ಎಂದು ಐದನೇ ಗೇರಿನಲ್ಲಿ 1100 ಆರ್‌ಪಿಎಂಗೆ ಇಳಿಸಿ, ಅಲ್ಲಿಂದಲೇ ಕಾಲು ಪೂರ್ತಿ ಒತ್ತುವವರು ಬಹಳ. ಏರಿನಲ್ಲಿ ಚೀಲ ಹೊತ್ತವನಿಗೆ ಮೊಣಕಾಲು ಬಗ್ಗಿಸದೆ ಹತ್ತು ಎಂದಂತೆ ಅದು. ಎಂಜಿನ್ ನಡುಗುತ್ತದೆ, ಡ್ಯಾಶ್‌ಬೋರ್ಡ್ ಗುಂಯ್ ಎನ್ನುತ್ತದೆ. ಕಡಿಮೆ ವೇಗದಲ್ಲಿ ಬೇರಿಂಗ್‌ನ ಎಣ್ಣೆಯ ಪದರ ತೆಳ್ಳಗಿರುತ್ತದೆ, ಮೇಲಿನಿಂದ ಪಿಸ್ಟನ್ನಿನ ಹೊಡೆತ ಪೂರ್ತಿ ಇರುತ್ತದೆ. ಕ್ರ್ಯಾಂಕ್ ಬೇರಿಂಗ್ ಸವೆಯುವುದು ಹೀಗೆ. ಈಗಿನ ಒಂದು ಲೀಟರ್ ಟರ್ಬೊ ಪೆಟ್ರೋಲ್‌ಗಳಲ್ಲಿ ಇನ್ನೂ ಎಚ್ಚರ ಬೇಕು. ಕಡಿಮೆ ಆರ್‌ಪಿಎಂ, ಪೂರ್ತಿ ಭಾರ ಇದ್ದಾಗ ಸ್ಪಾರ್ಕ್ ಬರುವ ಮೊದಲೇ ಒಳಗಿನ ಮಿಶ್ರಣ ಹೊತ್ತಿಕೊಳ್ಳುವುದುಂಟು. ಒಂದೇ ಸಲ ಜೋರಾಗಿ ಆದರೂ ಪಿಸ್ಟನ್ ಒಡೆಯಬಹುದು. ಕಂಪನಿ ಹೇಳಿದ ದರ್ಜೆಯ ಎಂಜಿನ್ ಆಯಿಲ್ ಹಾಕುವುದು ಇದೇ ಕಾರಣಕ್ಕೂ ಮುಖ್ಯ.

ಕೆಂಪು ಗೆರೆಯವರಿಗೂ ಹೇಳುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಓಣಿ ದಾಟುವ ಮೊದಲೇ 5000ಕ್ಕೆ ಎತ್ತಬೇಡಿ. ನೀರಿನ ಮುಳ್ಳು ಮೇಲೆ ಬಂದರೂ ಎಂಜಿನ್ ಆಯಿಲ್ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು. ಬಿಸಿಯಾದ ಮೇಲೆ ಎತ್ತಿ, ಏನೂ ಆಗುವುದಿಲ್ಲ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಕೆಂಪು ಗೆರೆಯವರೆಗೆ ಹೋಗಲೆಂದೇ ತಯಾರಾಗಿರುತ್ತದೆ. ಎಂದೂ 2500 ದಾಟದ ಗಾಡಿ ಸದಾ ಒಳ್ಳೆಯ ಸ್ಥಿತಿಯಲ್ಲಿರುತ್ತದೆ ಎಂಬ ನಂಬಿಕೆ ತಪ್ಪು.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರು ತೆಗೆದುಕೊಂಡು ಸೂಪರ್ ಮಾರ್ಕೆಟ್‌ನಿಂದ ಮನೆಗೆ, ಮನೆಯಿಂದ ಸೂಪರ್ ಮಾರ್ಕೆಟ್‌ಗೆ ಮಾತ್ರ ಓಡಿಸುವವರಿಗೆ ಇನ್ನೊಂದು ಮಾತು. ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಆ ಮಸಿ ಸುಡಬೇಕಾದರೆ ಹೊಗೆ ಆರುನೂರು ಡಿಗ್ರಿಯ ಹತ್ತಿರ ಬಿಸಿಯಾಗಬೇಕು. ಅದಕ್ಕೆ ಹೆದ್ದಾರಿಯ ಓಟ ಬೇಕು. ಊರೊಳಗೇ ಓಡಿಸುವವರು ಡೀಸೆಲ್ ಆಸೆ ಬಿಡಿ.

ತೊಗರಿ ಗೌಡ (ಸೇಡಂ)

ಮಿಸ್ತ್ರಿ ಭಾಯ್ ಹೇಳಿದ್ದು ಸರಿ. ನಾನು 1500ಕ್ಕಿಂತ ಕೆಳಗೆ ಎಂದೂ ಒತ್ತುವುದಿಲ್ಲ. ಹಳೆಯ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಓಡಿಸಿದವರಿಗೆ ಆ ಶಿಸ್ತು ತಾನಾಗಿ ಬರುತ್ತದೆ. 190 ನ್ಯೂಟನ್ ಮೀಟರ್ ಇತ್ತು, ಆದರೆ 2000ಕ್ಕೆ. ಅದರ ಕೆಳಗೆ ಟರ್ಬೊ ಹಿಡಿಯುವವರೆಗೆ ಗಾಡಿ ಸತ್ತಂತೆ. ಸ್ಪೀಡ್ ಬ್ರೇಕರ್ ಮೇಲೆ ಎರಡನೇ ಗೇರಿನಲ್ಲಿ ಹತ್ತಿ ಇಳಿಯುವಷ್ಟರಲ್ಲಿ ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ.

ಮಾಸ್ತರರೇ, ಬಿಸಿಲಿನ ಲೆಕ್ಕವನ್ನೂ ಹೇಳಿ. ಬೇಸಿಗೆಯಲ್ಲಿ ಪೆಟ್ರೋಲ್ ಗಾಡಿ ಸೋಲುತ್ತದೆ ಎಂಬುದು ನನ್ನ ಅನುಭವ.

ಲೆಕ್ಕದ ಮಾಸ್ತರ್ (ಯಾದಗಿರಿ)

ಗೌಡರೇ, ಬಿಸಿ ಗಾಳಿ ತೆಳು. ಜನವರಿಯ ನಸುಕಿನ 15 ಡಿಗ್ರಿಗೆ ಹೋಲಿಸಿದರೆ ಮೇ ಮಧ್ಯಾಹ್ನದ 43 ಡಿಗ್ರಿಯಲ್ಲಿ, ಒತ್ತಡ ಅದೇ ಇದ್ದರೆ, ಗಾಳಿಯ ಸಾಂದ್ರತೆ ಸುಮಾರು ಶೇ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯೂ ಹೆಚ್ಚು ಕಡಿಮೆ ಅಷ್ಟೇ ಕುಗ್ಗುತ್ತದೆ. ಜೊತೆಗೆ ಎಸಿ ಕಂಪ್ರೆಸರ್ ತನ್ನ ಪಾಲು ಕೇಳುತ್ತದೆ. ಟರ್ಬೊ ಇದ್ದ ಎಂಜಿನ್ ಆ ಕೊರತೆಯನ್ನು ಒತ್ತಡ ಹೆಚ್ಚಿಸಿ ಒಂದಷ್ಟು ತುಂಬಿಕೊಳ್ಳುತ್ತದೆ. ನಿಮ್ಮ ಅನುಭವಕ್ಕೆ ಆಧಾರವಿದೆ.

ಭೀಮಾತೀರ (ಶಹಾಪುರ)

ನನ್ನದು ವಿದ್ಯುತ್ ಕಾರು. ಕೆಳಗಿನ ಟಾರ್ಕೇ ಸುಖವೆಂದರೆ ಈ ಚರ್ಚೆ ಎಂದೋ ಮುಗಿಯಬೇಕಿತ್ತು. ಮೋಟರಿಗೆ ನಿಂತಲ್ಲಿಂದಲೇ ಪೂರ್ತಿ ಟಾರ್ಕ್. ಟರ್ಬೊಗೆ ಕಾಯಬೇಕಿಲ್ಲ, ಗೇರೇ ಇಲ್ಲ. ಶಹಾಪುರದಿಂದ ಜೇವರ್ಗಿಯ ಕಡೆ ಬರುವಾಗ ಲಾರಿ ದಾಟುವುದು ಈಗ ಯೋಚಿಸಬೇಕಾದ ಸಂಗತಿಯಾಗಿ ಉಳಿದಿಲ್ಲ. ಗೌಡರು ಬಯಸುವ ನಿರಾಳ ಇಲ್ಲಿ ಪೂರ್ತಿ ಇದೆ.

ಆದರೆ ಕೆಂಪುಗೆರೆಯವರು ಹೇಳುವುದು ಏನೆಂದು ನನಗೆ ಈ ಕಾರು ತೆಗೆದುಕೊಂಡ ಮೇಲೆಯೇ ಅರ್ಥವಾದದ್ದು. ಕಾರಿನ ಉತ್ತರ ಯಾವಾಗಲೂ ಒಂದೇ. ಏರುವಿಕೆ ಇಲ್ಲ, ಕಾಯುವಿಕೆ ಇಲ್ಲ, ಇನ್ನೂ ಸ್ವಲ್ಪ ಇದೆ ಎಂಬ ನಿರೀಕ್ಷೆ ಇಲ್ಲ. ದಿನದ ಓಡಾಟಕ್ಕೆ ಇದನ್ನು ಬಿಟ್ಟುಕೊಡುವುದಿಲ್ಲ. ಓಡಿಸಬೇಕೆಂಬ ಆಸೆ ಬಂದ ದಿನ ಮಾತ್ರ ಅಣ್ಣನ ಹಳೆಯ ಸ್ವಿಫ್ಟ್ ಪೆಟ್ರೋಲಿನ ಕೀಲಿ ಕೇಳುತ್ತೇನೆ.

ಕೋಟೆ ಬೀದಿ (ಬೀದರ್)

ಮಾಸ್ತರರು ಬುಲೆಟ್ಟನ್ನು ಅಂಕಿಯಲ್ಲಿ ಸೋಲಿಸಿದರೂ ನನ್ನ ಮನಸ್ಸು ಬದಲಾಗಿಲ್ಲ. ಫ್ಲೈವೀಲ್ ಎಂದಿರಿ, ಸರಿ, ನನಗೆ ಆ ಫ್ಲೈವೀಲೇ ಇಷ್ಟ. ತಮ್ಮನದು 373 ಸಿಸಿಯದೇ. ಅವನು 7000ದಲ್ಲಿ ಪಡೆಯುವ 37 ನನಗೆ ಬೇಡ, 4000ದೊಳಗೆ ಸಿಗುವ 27 ಸಾಕು.

ಚಿಂಚೋಳಿ ತಿರುವು

ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ಕೆಲಸ ಕಲಬುರಗಿಯಲ್ಲಿ, ತವರು ಚಿಂಚೋಳಿ. ಎಲ್ಲರೂ ಓವರ್‌ಟೇಕ್ ಮಾತೇ ಆಡುತ್ತಿದ್ದೀರಿ, ತಿರುವಿನ ಮಾತು ಯಾರೂ ಆಡಲಿಲ್ಲ. ಚಂದ್ರಂಪಳ್ಳಿ ಕಡೆ ಕಾಡಿನ ರಸ್ತೆಯಲ್ಲಿ ತಿರುವಿನ ಮಧ್ಯೆ ಕಾಲು ಸ್ವಲ್ಪ ಒತ್ತಿದಾಗ ಟರ್ಬೊ ಒಮ್ಮೆಲೇ ಹಿಡಿದರೆ ಮುಂದಿನ ಚಕ್ರ ಹೊರಕ್ಕೆ ಎಳೆಯುತ್ತದೆ. ಕಚೇರಿಯ ಡೀಸೆಲ್ ಗಾಡಿಯಲ್ಲಿ ಇದು ಅನುಭವಕ್ಕೆ ಬಂದಿದೆ. ಟರ್ಬೊ ಇಲ್ಲದ ಪೆಟ್ರೋಲಿನಲ್ಲಿ ಎರಡನೇ ಗೇರ್ ಹಾಕಿ 3500ರಲ್ಲಿ ಹಿಡಿದಿಟ್ಟರೆ ಕಾಲಿನಿಂದಲೇ ಗಾಡಿಯ ಸಾಲು ತಿದ್ದಬಹುದು. ಕಾಲು ಎತ್ತಿದರೆ ಎಂಜಿನ್ನೇ ವೇಗ ತಗ್ಗಿಸುತ್ತದೆ, ಒತ್ತಿದರೆ ಹದವಾಗಿ ಹೋಗುತ್ತದೆ. ನನಗೆ ಸುಖ ಎಂದರೆ ಈ ಹದ. ಆರ್‌ಪಿಎಂ 7000ಕ್ಕೆ ಹೋಗಲೇಬೇಕೆಂದು ನನಗಿಲ್ಲ.

ಈಗ ನೇರ ಪ್ರಶ್ನೆ. ಬಳಸಿದ ಕಾರು ಕೊಳ್ಳಬೇಕಿದೆ. ಹೋಂಡಾ ಸಿಟಿ 1.5 ಪೆಟ್ರೋಲ್, ಮ್ಯಾನುವಲ್ ಗೇರ್, ಕಲಬುರಗಿಯಲ್ಲೇ ಒಬ್ಬರು ಮಾರುತ್ತಿದ್ದಾರೆ. ಮನೆಯವರು ಡೀಸೆಲ್ ಎಸ್‌ಯುವಿ ನೋಡು ಎನ್ನುತ್ತಿದ್ದಾರೆ. ಬಹುಪಾಲು ನಾನೊಬ್ಬಳೇ ಇರುತ್ತೇನೆ. ವಾರದ ದಿನಗಳಲ್ಲಿ ಊರೊಳಗೆ, ರಜೆಗೆ ಚಿಂಚೋಳಿ.

ಕೆಂಪುಗೆರೆ (ಕಲಬುರಗಿ)

ಅಕ್ಕಾ, ತಿರುವಿನ ಮಾತು ನೀವು ಹೇಳಿದ ಮೇಲೆ ನನ್ನ ವಾದ ಇನ್ನೂ ಸ್ಪಷ್ಟವಾಯಿತು. ಕೆಂಪು ಗೆರೆ ಮುಟ್ಟುವುದು ಸುಖದ ಒಂದು ತುದಿ ಮಾತ್ರ. ಕಾಲಿಗೂ ಚಕ್ರಕ್ಕೂ ನಡುವೆ ಕಾಯುವಿಕೆ ಇರಬಾರದು, ಕೇಳಿದ್ದಕ್ಕಿಂತ ಹೆಚ್ಚೂ ಬರಬಾರದು, ಕಡಿಮೆಯೂ ಬರಬಾರದು. ಎತ್ತರಕ್ಕೆ ತಿರುಗುವ ಟರ್ಬೊರಹಿತ ಎಂಜಿನ್ನನ್ನು ನಾನು ಇಷ್ಟಪಡುವುದು ಅದಕ್ಕೆ ಈ ಗುಣವಿರುವುದರಿಂದ, ಮತ್ತು ಆ ಗುಣ 1000ದಿಂದ 6500ರವರೆಗೆ ಒಂದೇ ಸಮನೆ ಉಳಿಯುವುದರಿಂದ. ಸಿಟಿಯ ಐ-ವಿಟೆಕ್ ಎಂಜಿನ್ ಹಾಗಿದೆ. ಈಚಿನ ಮಾದರಿಯಲ್ಲಿ 6600ಕ್ಕೆ 121 ಪಿಎಸ್, 4300ಕ್ಕೆ 145 ನ್ಯೂಟನ್ ಮೀಟರ್. ನಾಲ್ಕೈದು ಜನ ಕುಳಿತಾಗ ಗೇರ್ ಇಳಿಸಬೇಕಾಗುತ್ತದೆ, ಅದಕ್ಕೆ ಸಿದ್ಧರಿದ್ದರೆ ಬೇರೆ ಯೋಚನೆ ಬೇಡ.

ತೊಗರಿ ಗೌಡ (ಸೇಡಂ)

ತಂಗೀ, ಒಬ್ಬಳೇ ಓಡಿಸುವುದಾದರೆ, ಊರೊಳಗಿನ ಓಡಾಟವೇ ಹೆಚ್ಚು ಎಂದಾದರೆ ನಾನೂ ಪೆಟ್ರೋಲ್ ಎನ್ನುತ್ತೇನೆ. ಮಿಸ್ತ್ರಿ ಭಾಯ್ ಹೇಳಿದ ಫಿಲ್ಟರ್ ತೊಂದರೆಯೂ ಇರುವುದಿಲ್ಲ. ನನ್ನ ಮಾತು ನನ್ನ ಹೊರೆಗೆ ತಕ್ಕದ್ದು. ಹೊರೆ ಹೊರುವವರು ಡೀಸೆಲ್ ಬಿಟ್ಟು ಯೋಚಿಸಬಾರದು ಎಂಬುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಮಿಸ್ತ್ರಿ (ಆಳಂದ ನಾಕಾ)

ಅಕ್ಕಾ, ಸಿಟಿ ಒಳ್ಳೆಯ ಗಾಡಿ, ಆದರೆ ಕೊಡುವವರ ಮಾತಿನ ಮೇಲೆ ತೆಗೆದುಕೊಳ್ಳಬೇಡಿ. ನೀವು ನೋಡಲು ಹೋಗುವ ದಿನ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗೆ ಸ್ಟಾರ್ಟ್ ಮಾಡಿದಾಗ ಟೈಮಿಂಗ್ ಚೈನ್ ಕಡೆಯಿಂದ ಗಲಗಲ ಶಬ್ದ ಬಂದು ನಿಲ್ಲದೆ ಮುಂದುವರಿದರೆ ಬೇಡ. ಎಂಜಿನ್ ಬಿಸಿಯಾದ ಮೇಲೆ ರಿಂಗ್ ರಸ್ತೆಗೆ ಒಯ್ದು, ರಸ್ತೆ ಖಾಲಿ ಇರುವ ಕಡೆ ಎರಡನೇ ಗೇರಿನಲ್ಲಿ 5500ರವರೆಗೆ ಎತ್ತಿ, ಕಾಲು ಪೂರ್ತಿ ಬಿಟ್ಟು ಗಾಡಿ ತಾನಾಗಿ ನಿಧಾನವಾಗಲು ಬಿಡಿ, ಆಮೇಲೆ ಮತ್ತೆ ಒತ್ತಿ. ಆಗ ಕನ್ನಡಿಯಲ್ಲಿ ನೀಲಿ ಹೊಗೆ ಕಂಡರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಎತ್ತುವಾಗ ಮಧ್ಯೆ ಎಲ್ಲೂ ತಡವರಿಸಬಾರದು. ಮೂರನೇ ಗೇರಿನಲ್ಲಿ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಶುಕ್ರವಾರ ಅಂಗಡಿ ಮುಚ್ಚಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಆದರೆ ನಾನೇ ಬಂದು ನೋಡುತ್ತೇನೆ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಅವರಿಗೆ ಮೊದಲೇ ಹೇಳಿಡಿ.